ಉಗ್ರಾಣದ ಕೆಲಸ

ಚಿತ್ರದುರ್ಗದ ನಮ್ಮ ಜಾಹೀರಾತು ಸ್ಟುಡಿಯೋದಲ್ಲಿ ನಾನು ಕ್ಯಾಮೆರಾ ಹಿಡಿಯೋಳಲ್ಲ. ಜನ, ವ್ಯಾನು, ಟೈಮು ಹೊಂದಿಸೋಳು. ಆವತ್ತು ರಾಮಗಿರಿಯ ಹಳೇ ಮನೆಯೊಂದರ ಜಗಲಿಯಲ್ಲಿ ಶೂಟಿಂಗ್. ನಮಗೆ ಬೇಕಾದ ಬಿಸಿಲು ಇನ್ನೊಂದು ಗಂಟೆ ಸಿಕ್ಕರೆ ಹೆಚ್ಚು. ಅಷ್ಟರಲ್ಲಿ ಮನೆಯ ಅಜ್ಜ ಅಡ್ಡ ನಿಂತ.

"ಮೊದ್ಲು ಮಂಡಕ್ಕಿ ತಿನ್ರಿ. ನಮ್ಮನೇಲಿ ಹಸ್ಕಂಡು ಯಾರೂ ಕೆಲ್ಸ ಮಾಡಂಗಿಲ್ಲ."

"ಬಿಸ್ಲು ಹೋದ್ರೆ ಕೆಲ್ಸಾನೇ ಕೆಟ್ಟೋಗ್ತೈತೆ ಅಜ್ಜ."

"ಬಿಸ್ಲು ನಾಳೆನೂ ಬರ್ತೈತೆ."

ನಾಳೆ ಹೊಸದುರ್ಗದಲ್ಲಿ ಬೇರೆ ಶೂಟಿಂಗ್ ಇತ್ತು. ಪಟ್ಟು ಬಿಡೋಕೆ ನಾನೂ ತಯಾರಿರಲಿಲ್ಲ. ನಮ್ಮ ತಂಡದ ಹತ್ತು ಜನರನ್ನ ಎರಡು ಪಂಕ್ತಿ ಮಾಡಿದೆ: ಐದು ಜನ ತಿನ್ನುವಾಗ ಉಳಿದ ಐವರು ಕ್ಯಾಮೆರಾ ಹೊಂದಿಸಬೇಕು. ಕೊನೆಯ ಶಾಟ್ ಮುಗಿದಾಗ ಬಿಸಿಲು ಜಗಲಿಯ ಅಂಚಿಗೆ ಬಂದಿತ್ತು.

ಅಲ್ಲೀತನಕ ನೋಡುತ್ತ ಕೂತಿದ್ದ ಅಜ್ಜ ಕೇಳಿದ, "ಎಲ್ರೂ ಒಂದೊಂದು ಹಿಡ್ಕಂಡವ್ರೆ. ನಿಂದೇನವ್ವ ಕೆಲ್ಸ?"

"ಆಪರೇಷನ್ಸ್ ಮ್ಯಾನೇಜರ್" ಅಂದೆ. ಹಂಗಂದ್ರೇನು ಅಂತ ವಿವರಿಸಿದೆ.

"ಮದ್ವೆ ಮನೇಲಿ ಉಗ್ರಾಣ ನೋಡ್ಕಳೋರು ಅನ್ನು!"

ಆರು ವರ್ಷದಿಂದ ನಮ್ಮವ್ವನಿಗೆ ಅರ್ಥ ಮಾಡಿಸಲಾಗದ್ದು ಅಜ್ಜನ ಒಂದೇ ಮಾತಲ್ಲಿ ಮುಗಿಯಿತು. ಖುಷಿಯಲ್ಲಿ ಮಂಡಕ್ಕಿ ಬೋಗುಣಿಗೆ ಕೈ ಹಾಕಿದೆ. ತಳ ಸಿಕ್ಕಿತು.

"ಉಗ್ರಾಣದೋರಿಗೆ ಯಾವತ್ತು ಉಳ್ದೈತವ್ವ?" ಅಂತ ಅಜ್ಜ ನಕ್ಕ.

ಯಾರೂ ಹಸ್ಕಂಡು ಕೆಲಸ ಮಾಡಬಾರದ ಆ ಮನೆಯಲ್ಲಿ, ನಾನೊಬ್ಬಳು ಹಸ್ಕಂಡೇ ಮಾಡಿ ಬಂದೆ.