ಗಾಳಿಯ ಭಾರ ಹೇಳುತ್ತಿದ್ದ ಕ್ಯಾಪ್ಟನ್

ಕ್ಯಾಪ್ಟನ್ ಚೆನ್ನಬಸಪ್ಪನವರು ಬೆರಳಿನಿಂದ ತಟ್ಟದೆ ಯಾವ ಮುಳ್ಳನ್ನೂ ನಂಬುತ್ತಿರಲಿಲ್ಲ. ವಿಮಾನದ ಎತ್ತರಮಾಪಕವಿರಲಿ, ಜಹೀರಾಬಾದಿನ ಕಿರಾಣಿ ಅಂಗಡಿಯ ತಕ್ಕಡಿಯಿರಲಿ, ಡಾಕ್ಟರರ ಬಿಪಿ ಯಂತ್ರವಿರಲಿ, ಮೊದಲು ಗಾಜಿನ ಮೇಲೆ ಟಕ್ ಟಕ್ ಎಂದು ಬಾರಿಸುವರು. ಆಮೇಲೆ ಕಣ್ಣು ಕಿರಿದು ಮಾಡಿ, "ಹ್ಞಾಂ, ಈಗ ಖರೇ ಹೇಳು" ಎನ್ನುವರು. ಒಮ್ಮೆ ಡಾಕ್ಟರರು ನಿಮ್ಮ ಒತ್ತಡ ಮೇಲೇರಿದೆ ಎಂದಾಗ ಇವರು, "ಎಲ್ಲಿಂದ ಮ್ಯಾಲರಿ? ಸಮುದ್ರದಿಂದೋ, ನಿಮ್ಮ ದವಾಖಾನಿಯಿಂದೋ?" ಎಂದು ಕೇಳಿ ಅವರ ಒತ್ತಡವನ್ನೂ ಏರಿಸಿ ಬಂದಿದ್ದರು.

ಕ್ಯಾಪ್ಟನ್ನರಿಗೆ ವಿನಯದ ಸೋಂಕು ತಗುಲಿರಲಿಲ್ಲ. ಕೊತ್ತಂಬರಿ ತರಲು ಹೋದರೂ ಭುಜದ ಮೇಲೆ ನಾಲ್ಕು ಬಂಗಾರದ ಪಟ್ಟಿ ಇರಲೇಬೇಕು. ಮೀಸೆಗೆ ಪ್ರತಿ ಭಾನುವಾರ ಕಪ್ಪು ಹಚ್ಚುವರು, ಸೋಮವಾರ ಅದರಲ್ಲಿ ಸ್ವಲ್ಪ ಗಲ್ಲಕ್ಕೂ ಇಳಿದಿರುತ್ತಿತ್ತು. ವರ್ಷಾನುಗಟ್ಟಲೆ ಸರಕು ವಿಮಾನ ಹಾರಿಸಿ ಕಿವಿ ಮಂದವಾಗಿದ್ದರಿಂದ, ಎದುರಿಗೆ ಕೂತವರ ಜೊತೆಗೂ ರನ್‌ವೇಯ ಆ ತುದಿಯಲ್ಲಿ ನಿಂತವರ ಜೊತೆ ಮಾತಾಡಿದಂತೆಯೇ ಮಾತು. ಸ್ವಂತ ಊರು ನಾರಾಯಣಖೇಡ. ಅಲ್ಲಿ ತಂಗಿಯ ಮನೆಯಿತ್ತು. ಹೆಂಡತಿ ಮಕ್ಕಳಿರಲಿಲ್ಲ, ಇದ್ದಿದ್ದರೆ ಅವರನ್ನೂ ದಿನಾ ತಟ್ಟಿ ನೋಡುತ್ತಿದ್ದರೇನೋ.

ನಾನು ಅವರ ಶಿಷ್ಯೆಯಾಗಿದ್ದು ಜಹೀರಾಬಾದಿನ ಹೊರಗೆ, ಕಬ್ಬಿನ ಹೊಲಗಳ ನಡುವೆ ತೆರೆದಿದ್ದ ವಿಮಾನ ಶಾಲೆಯಲ್ಲಿ. ನಮ್ಮಪ್ಪನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. "ಇಂಜಿನ್ ಅಂದ್ರ ಎಲ್ಲಾ ಒಂದೇ ಬಿಡು ಶಿವಲೀಲಾ, ಇದಕ್ಕ ರೆಕ್ಕಿ ಇರ್ತಾವ ಅಷ್ಟೇ" ಎಂದು ಧೈರ್ಯ ಹೇಳಿ ಕಳಿಸಿದ್ದ. ಶಾಲೆಯ ಮಾಲೀಕರು ತಾಂಡೂರಿನ ಸಂಗಣ್ಣ ಸಾವ್ಕಾರರು. ಕಲ್ಲು ಗಣಿ, ಕಲ್ಲಿಗೆ ಹೊಳಪು ಕೊಡುವ ಕಾರ್ಖಾನೆ, ಕಲ್ಲು ಸಾಗಿಸುವ ಲಾರಿ ಎಲ್ಲ ಇದ್ದವು. ವಿಮಾನವೊಂದು ಇರಲಿಲ್ಲ, ಅದನ್ನೂ ಕೊಂಡರು. ಶಾಲೆಯ ನೆಲ, ಗೋಡೆ, ಬೆಂಚು, ಕೊನೆಗೆ ಶೌಚಾಲಯದ ಬಾಗಿಲಿನ ಚೌಕಟ್ಟೂ ತಾಂಡೂರು ಕಲ್ಲಿನದೇ.

ಕ್ಯಾಪ್ಟನ್ನರ ಮೊದಲ ಪಾಠ ಎತ್ತರಮಾಪಕದ್ದು. ಅದು ಎತ್ತರ ಅಳೆಯುವುದಿಲ್ಲ, ಗಾಳಿಯ ಭಾರವನ್ನು ಅಳೆದು ಎತ್ತರವನ್ನು ಊಹಿಸುತ್ತದೆ. ಆ ದಿನ, ಆ ಊರಿನ ಗಾಳಿಯೊತ್ತಡ ಎಷ್ಟೆಂದು ಕೇಳಿಕೊಂಡು ಗುಂಡಿ ತಿರುಗಿಸಿ ಹೊಂದಿಸಿದರೆ ಮಾತ್ರ ಮುಳ್ಳು ನಿಜ ಹೇಳುತ್ತದೆ. ಒತ್ತಡ ಇಳಿದದ್ದನ್ನು ತಿಳಿಯದೆ ಹಳೆಯ ಸಂಖ್ಯೆಯಲ್ಲೇ ಹಾರಿದರೆ ಮುಳ್ಳು ನಿಮ್ಮನ್ನು ಮೇಲೆ ತೋರಿಸುತ್ತದೆ, ನೀವು ಕೆಳಗಿರುತ್ತೀರಿ. "ಎಲೆಕ್ಷನ್ ಗೆದ್ದವ್ರ ಹಂಗ. ತಾವು ಭಾಳ ಮ್ಯಾಲ ಅದೀವಿ ಅಂತಿರ್ತಾರ, ಗುಡ್ಡ ಎದುರಿಗೇ ಇರ್ತದ" ಎನ್ನುವರು. ಇನ್ನೂ ಮೇಲಕ್ಕೆ, ದೊಡ್ಡ ವಿಮಾನಗಳು ಹೋಗುವ ಮಟ್ಟಕ್ಕೇರಿದ ಮೇಲೆ ಊರೂರಿನ ಒತ್ತಡ ಬಿಟ್ಟು ಎಲ್ಲರೂ ಒಂದೇ ಗೊತ್ತುಪಡಿಸಿದ ಸಂಖ್ಯೆ ಇಡಬೇಕು. ಅದು ಯಾಕೆ ಎಂದು ಕೇಳಿದೆ. "ಅಷ್ಟು ಮ್ಯಾಲ ಹೋದವ್ರು ಎಲ್ಲರೂ ಒಂದೇ ಸುಳ್ಳು ಹೇಳಬೇಕವ್ವ. ಆಗ ಒಬ್ಬರಿಗೊಬ್ಬರು ಹಾಯಂಗಿಲ್ಲ. ಇದು ಪೈಲಟ್‌ರಿಗಿಂತ ಮೊದಲು ಪಾರ್ಟಿಯವ್ರಿಗೆ ಗೊತ್ತಿತ್ತು" ಎಂದರು.

ಎರಡನೆಯ ಪಾಠ ಟ್ರಾನ್ಸ್‌ಪಾಂಡರ್. ನಾವು ಯಾರೆಂದು ನೆಲದ ರೇಡಾರಿಗೆ ಹೇಳುವ ಡಬ್ಬಿ ಅದು. ಹೈದರಾಬಾದಿನ ವಿಮಾನ ನಿಯಂತ್ರಣದವರು ಕೊಟ್ಟ ನಾಲ್ಕು ಅಂಕಿಗಳನ್ನು ಅದರಲ್ಲಿ ಇಡಬೇಕು. ಅಂಕಿ ಬದಲಿಸುವಾಗ ಡಬ್ಬಿಯನ್ನು ಸುಮ್ಮನಿರುವ ಸ್ಥಿತಿಗೆ ತಂದು ಬದಲಿಸಬೇಕು, ಇಲ್ಲದಿದ್ದರೆ ನಡುವೆ ಬಂದ ಅಂಕಿಗಳನ್ನೂ ಅದು ಊರಿಗೆಲ್ಲ ಸಾರುತ್ತದೆ. ಈ ಪಾಠಕ್ಕೆ ಸಾವ್ಕಾರರೇ ಉದಾಹರಣೆಯಾದರು. ಅವರ ಕಾರು, ಜೀಪು, ಲಾರಿಗಳ ನಂಬರೆಲ್ಲ ನಾಲ್ಕು ಒಂಬತ್ತು. ವಿಮಾನಕ್ಕೂ ಅದೇ ಬೇಕೆಂದು ಹಟ ಹಿಡಿದರು.

"ಇದ್ರಾಗ ಎಂಟೂ ಇಲ್ಲ, ಒಂಬತ್ತೂ ಇಲ್ರಿ ಸಾವ್ಕಾರ್ರ. ಏಳಕ್ಕ ಮುಗೀತು" ಎಂದರು ಕ್ಯಾಪ್ಟನ್.

"ಇಷ್ಟು ರೊಕ್ಕ ಕೊಟ್ಟು ಒಂಬತ್ತಿಲ್ಲದ್ದು ತಂದೀರೇನ್ರಿ?"

ಒಂದು ದಿನ ಸಾವ್ಕಾರರು ಪಕ್ಕದ ಸೀಟಿನಲ್ಲಿ ಕೂತು ಹಾರಿದರು. ಕ್ಯಾಪ್ಟನ್ನರು ಕೆಳಗೆ ಹೊಲ ನೋಡುತ್ತಿದ್ದಾಗ, ಒಂಬತ್ತಿಲ್ಲದಿದ್ದರೆ ನಾಲ್ಕು ಏಳಾದರೂ ಇರಲಿ ಎಂದು ಗುಂಡಿ ತಿರುಗಿಸತೊಡಗಿದರು. ಎರಡು ಏಳು ಬಂದಿತ್ತು, ಮೊದಲಿದ್ದ ಅಂಕಿಯ ಕೊನೆಯ ಎರಡು ಸೊನ್ನೆಗೆ ಇನ್ನೂ ಕೈ ಹಾಕಿರಲಿಲ್ಲ. ಏಳು ಏಳು ಸೊನ್ನೆ ಸೊನ್ನೆ ಎಂದರೆ ಪ್ರಾಣಾಪಾಯದ ಕೂಗು. ಕೂಡಲೇ ಹೈದರಾಬಾದಿನಿಂದ ರೇಡಿಯೊ ಗಾಬರಿಯಿಂದ ನಿಮಗೇನಾಗಿದೆ ಎಂದು ಕೇಳಿತು. ಅಂಕಿ ತಪ್ಪಾಗಿತ್ತು, ಅಪಾಯವಿಲ್ಲ ಎಂದು ಉತ್ತರಿಸಿ ಕ್ಯಾಪ್ಟನ್ನರು ಸಾವ್ಕಾರರ ಕಡೆ ತಿರುಗಿ, "ಕೈ ತೊಡಿ ಮ್ಯಾಲ ಇಟ್ಕೋರಿ, ದೇವರಿಗೆ ಕೂತಂಗ" ಎಂದರಂತೆ. ಇಳಿದ ಮೇಲೆ ಸಾವ್ಕಾರರು ಮಾತ್ರ ತಾವು ಒಂದು ಗುಂಡಿ ತಿರುಗಿಸಿದರೆ ಹೈದರಾಬಾದ್ ಎದ್ದು ನಿಲ್ಲುತ್ತದೆ ಎಂದು ತಾಂಡೂರಿನಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಅಲ್ಲಿಯವರೆಗೆ ನಕ್ಕು ಸುಮ್ಮನಿರಬಹುದಿತ್ತು. ಆಮೇಲೆ ಕಲ್ಲು ಬಂತು.

ಕ್ಯಾಪ್ಟನ್ನರ ಬಳಿ ಗುಜರಿಗೆ ಹೋದ ವಿಮಾನವೊಂದರಿಂದ ಬಿಚ್ಚಿ ತಂದ ಸ್ವಂತದ ಎತ್ತರಮಾಪಕವಿತ್ತು. ದಿನಾ ಬೆಳಿಗ್ಗೆ ಅದರ ಮುಳ್ಳನ್ನು ನಮ್ಮ ಮೈದಾನದ ಎತ್ತರಕ್ಕೆ ಹೊಂದಿಸಿ, ಕಿಂಡಿಯಲ್ಲಿ ಕಾಣುವ ಒತ್ತಡವನ್ನು ಓದಿ ಹೇಳುವರು. ವಿಮಾನದ ಒಂದು ಮುಳ್ಳಿನ ಮಾತನ್ನಷ್ಟೇ ಕೇಳಿ ಹಾರಕೂಡದು, ಹೊರಗಿನ ಸಾಕ್ಷಿ ಬೇಕು ಎಂಬುದು ಅವರ ಕಟ್ಟಳೆ. ವಿಮಾನ ಮರಳುವ ಹೊತ್ತಿಗೆ ಮತ್ತೆ ಓದಿ ರೇಡಿಯೊದಲ್ಲಿ ತಿಳಿಸುವರು. ಸಾವ್ಕಾರರಿಗೆ ಇದು ಹಿಡಿಸಲಿಲ್ಲ.

"ದಿನಾ ಯಾಕ ಬದಲಾಗ್ತದರಿ? ಏನು ತೊಗರಿ ದರಾನಾ?"

"ಹಂಗೇ ಅನ್ಕೋರಿ. ನಿನ್ನಿ ದರಕ್ಕ ಇವತ್ತು ಯಾರು ಕೊಡ್ತಾರ್ರಿ?"

ಸಾವ್ಕಾರರಿಗೆ ಗೊತ್ತಿದ್ದ ಪರಿಹಾರ ಒಂದೇ. ಶಾಲೆಯ ಉದ್ಘಾಟನೆಯಾದ ಚಳಿಗಾಲದ ದಿನದ ಒತ್ತಡವನ್ನು ಆಳೆತ್ತರದ ಕಲ್ಲಿನ ಮೇಲೆ ಕೆತ್ತಿಸಿ, ಹೊಳಪು ಕೊಡಿಸಿ, ಬಂಗಾರದ ಬಣ್ಣ ತುಂಬಿಸಿ ರೇಡಿಯೊ ಕೋಣೆಯ ಎದುರು ನಿಲ್ಲಿಸಿದರು. ರೇಡಿಯೊದ ಮುಂದೆ ತಮ್ಮ ಅಳಿಯ ವೀರೇಶನನ್ನು ಕೂರಿಸಿ, ಯಾರಾದರೂ ಕೇಳಿದರೆ ಕಿಟಕಿಯಿಂದ ಕಲ್ಲು ನೋಡಿ ಹೇಳು ಎಂದರು. ವೀರೇಶ ಒಳ್ಳೆಯ ಹುಡುಗ, ಮಾವ ಹೇಳಿದ್ದನ್ನು ಮೀರುವವನಲ್ಲ.

ಮಳೆಗಾಲದಲ್ಲಿ ನಾನು ಒಬ್ಬಳೇ ತಾಂಡೂರಿನ ಮೇಲೆ ಹೋಗಿ ಮರಳುತ್ತಿದ್ದೆ. ಮೋಡ ತಗ್ಗಿತ್ತು, ಮಸುಕಿನಲ್ಲಿ ನೆಲ ಸರಿಯಾಗಿ ಕಾಣುತ್ತಿರಲಿಲ್ಲ. ಒತ್ತಡ ಕೇಳಿದೆ. ವೀರೇಶ ಕಲ್ಲಿನ ಸಂಖ್ಯೆಯನ್ನು ಗಂಭೀರವಾಗಿ ಓದಿದ. ಕ್ಯಾಪ್ಟನ್ನರು ಹೇಳಿಕೊಟ್ಟದ್ದೇ ಇರಬೇಕೆಂದು ಅದನ್ನೇ ಇಟ್ಟು ಇಳಿಯತೊಡಗಿದ್ದೆ. ಅಷ್ಟರಲ್ಲಿ ರೇಡಿಯೊದಲ್ಲಿ ಕುರ್ಚಿ ಬಿದ್ದ ಸದ್ದು ಕೇಳಿಸಿತು, ಹಿಂದೆಯೇ ಕ್ಯಾಪ್ಟನ್ನರ ಗುಡುಗು:

"ಶಿವಲೀಲಾ! ಅದು ಕಲ್ಲಿನ ಮಾತು, ಬಿಡು. ನಾ ಹೇಳಿದ್ದು ಇಡು!"

ಅವರು ಹೇಳಿದ್ದನ್ನು ಇಟ್ಟೆ. ಮುಳ್ಳು ಮುನ್ನೂರು ಅಡಿಗೂ ಹೆಚ್ಚು ಕೆಳಗೆ ಸರಿಯಿತು. ಅಷ್ಟು ಕೆಳಗೆ ನಾನು ಮೊದಲೇ ಇದ್ದೆ, ನನಗೆ ಗೊತ್ತಿರಲಿಲ್ಲ ಅಷ್ಟೇ. ಇಂಜಿನ್ ಜೋರು ಮಾಡಿ ಮೇಲೇರುವಾಗ ಮಸುಕಿನೊಳಗಿಂದ ಒಂದು ಮೊಬೈಲ್ ಟವರಿನ ತುದಿ ನನ್ನ ಪಕ್ಕದಲ್ಲೇ ಹಾದುಹೋಯಿತು. ನನಗೆ ಅಳು ಬಂತು. ಅಳುತ್ತಲೇ ಇಳಿಸಿದೆ.

ಆ ದಿನ ಸಾವ್ಕಾರರು ಕಲ್ಲು ತೋರಿಸಲು ಬೀಗರನ್ನು ಕರೆತಂದಿದ್ದರು. ಬೀಗರೆದುರು ಅಳಿಯನನ್ನು ಕುರ್ಚಿಯಿಂದ ಕೆಡವಿದ್ದು ದೊಡ್ಡ ಅಪರಾಧವಾಯಿತು, ಟವರಿನ ವಿಷಯ ಯಾರಿಗೂ ಬೇಡವಾಯಿತು. "ನಮ್ಮ ಇಜ್ಜತ್ ಕಳದ್ರಿ. ನಿಮ್ಮ ಗುಜರಿ ಸಾಮಾನು ತಗೊಂಡು ನಡೀರಿ" ಎಂದರು ಸಾವ್ಕಾರರು. ನಾನು ಬಸ್ ನಿಲ್ದಾಣದವರೆಗೆ ಹೋದೆ. ಕ್ಯಾಪ್ಟನ್ನರು ಎತ್ತರಮಾಪಕವನ್ನು ಮಡಿಲಲ್ಲಿಟ್ಟುಕೊಂಡು ನಾರಾಯಣಖೇಡದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ನನಗೆ ಸಮಾಧಾನ ಹೇಳುವರೆಂದುಕೊಂಡಿದ್ದೆ.

"ನಾಳಿಗೆ ಒತ್ತಡ ಹೇಳಾಕ ಯಾರದಾರ?" ಎಂದರು.

ಬಸ್ಸು ಹೊರಟಿತು. ಅವರನ್ನು ನೋಡಿದ್ದು ಅದೇ ಕೊನೆ.

ಮರುದಿನ ಬೆಳಿಗ್ಗೆ ಫೋನ್ ಬಂತು. ತಂಗಿಯ ಮನೆಯ ಕಟ್ಟೆಯ ಎತ್ತರ ಅವರು ಎಂದೋ ಅಳೆದಿಟ್ಟಿದ್ದರು, ಅಲ್ಲಿಂದಲೇ ಓದಿ ಹೇಳಿದರು. ಅಷ್ಟು ಹತ್ತಿರದ ಊರಿಗೆ ಗಾಳಿ ಬೇರೆ ಲೆಕ್ಕ ಹೇಳುವುದಿಲ್ಲ. ಆಮೇಲೆ ಅದೇ ರೂಢಿಯಾಯಿತು. ವಿಮಾನ ಹೊರಡುವ ಮೊದಲು ಒಂದು ಫೋನ್, ಮರಳುವ ಹೊತ್ತಿಗೆ ಇನ್ನೊಂದು. ನಡುವೆ ನನಗೆ ಲೈಸೆನ್ಸ್ ಬಂದು ಅಲ್ಲೇ ಕಲಿಸುವವಳಾದೆ, ಫೋನ್ ನಿಲ್ಲಲಿಲ್ಲ. ಸಂಬಳವಿಲ್ಲ, ಪಟ್ಟಿಯಿಲ್ಲ, ನಮಸ್ಕಾರವೂ ಇಲ್ಲ. ಸಂಖ್ಯೆ ಕೂಗಿ ಇಟ್ಟುಬಿಡುವರು. ಅವರ ದನಿ ಕೋಣೆಗೆಲ್ಲ ಕೇಳುತ್ತಿತ್ತು. ವೀರೇಶ ಮೊದಮೊದಲು ಕೇಳದವನಂತೆ ಕಿಟಕಿಯಾಚೆ ನೋಡುತ್ತಿದ್ದ, ಬರಬರುತ್ತ ಫೋನ್ ಬಂದಾಗ ಫ್ಯಾನ್ ಆರಿಸುತ್ತಿದ್ದ.

ಒಂದು ಬೆಳಿಗ್ಗೆ ಫೋನ್ ಬರಲಿಲ್ಲ. ನಾನೇ ಮಾಡಿದೆ. ಅವರ ತಂಗಿ ಎತ್ತಿಕೊಂಡಳು. "ಅಣ್ಣ ಹೋಗ್ಯಾನವ್ವ. ನಸುಕಿನ್ಯಾಗ ಕಟ್ಟಿ ಮ್ಯಾಲ ಬಂದು ಕೂತಿದ್ದ, ಕೂತಂಗೇ ಹೋಗ್ಯಾನ" ಎಂದಳು. ನಾನು ಫೋನ್ ಹಿಡಿದೇ ನಿಂತಿದ್ದೆ. ವೀರೇಶ ಆರಿಸಿದ್ದ ಫ್ಯಾನನ್ನು ಮತ್ತೆ ಹಾಕಲಿಲ್ಲ.

ಹೊತ್ತೇರಿದ ಮೇಲೆ ಸಾವ್ಕಾರರ ಕಾರು ಬಂತು. ವಿಮಾನ ಶೆಡ್ಡಿನಲ್ಲೇ ಇತ್ತು, ಆಕಾಶ ತಿಳಿಯಾಗಿತ್ತು.

"ಯಾಕ, ಯಾರೂ ಹಾರಿಲ್ಲ? ಏನಾಗ್ಯದ?"

ವೀರೇಶ ಎದ್ದು ಹೋಗಿ ವಿಮಾನದ ಕೀಲಿಯನ್ನು ಮಾವನ ಎದುರಿನ ಮೇಜಿನ ಮೇಲಿಟ್ಟ.

"ಇವತ್ತು ಒತ್ತಡ ಯಾರೂ ಹೇಳಿಲ್ರಿ ಮಾವ," ಎಂದ.