ಹಸಿ ವಾರ್ನಿಷ್ ಮೇಲೆ ಕೂತ ಸೋದರಮಾವ

"ಅಲ್ಲಿ ಕುಂದ್ರಬ್ಯಾಡ್ರೀ!" ಎಂದು ನಾನು ಕೂಗುವಷ್ಟರಲ್ಲಿ ಅವರು ನಮ್ಮ ಕಟ್ಟಿಗೆಯ ಜಗಲಿ ಮೇಲೆ ಕೂತೇಬಿಟ್ಟಿದ್ದರು. ನನ್ನ ನಾದಿನಿ ಶೈಲಾಳನ್ನು ನೋಡಲು ಗೊರೇಬಾಳಕ್ಕೆ ಬಂದಿದ್ದ ಸಿಂಧನೂರಿನ ಹುಡುಗನ ಸೋದರಮಾವ ಅವರು. ಮಸ್ಕಿಯವರು. ಮದುವೆಯಾದ ಮೇಲೆ ಶೈಲಾ ತನ್ನ ಹೊಲಿಗೆ ಅಂಗಡಿ ಮುಚ್ಚಬೇಕೆಂದು ಆಗಷ್ಟೇ ಒಳಗೆ ಹುಕುಂ ಹೊರಡಿಸಿ, ಗಾಳಿಗೆಂದು ಹೊರಗೆ ಬಂದಿದ್ದರು. ಶೈಲಾ ಮುಖ ಊದಿಸಿಕೊಂಡು ಅಡುಗೆಮನೆ ಸೇರಿದ್ದಳು.

ನೋಡಲು ಬರುವವರಿಗೆ ಚೆಂದ ಕಾಣಲೆಂದು ನಾನೇ ಹಿಂದಿನ ದಿನ ಜಗಲಿಯ ಹಲಗೆ ಉಜ್ಜಿ, ಬಣ್ಣ ಹಚ್ಚಿ, ಮೇಲೆ ವಾರ್ನಿಷ್ ಬಳಿದಿದ್ದೆ. ಮನೆ ಪಕ್ಕದಲ್ಲೇ ಕಾಲುವೆ, ಸುತ್ತಲೂ ನೀರು ನಿಂತ ಭತ್ತದ ಗದ್ದೆ. ಆ ಥಂಡಿಗೆ ಅದು ಒಣಗಿರಲೇ ಇಲ್ಲ.

ಮಾವ ಏಳಲು ಹೋದರು, ಬಿಳಿ ಧೋತರ ಏಳಲಿಲ್ಲ. ಕೈ ಊರಿದರು, ಅಂಗೈಯೂ ಅಂಟಿತು. ನಾವೆಲ್ಲ ನಗು ನುಂಗಿ ನಿಂತಿದ್ದಾಗ ಹುಡುಗ ಬಾಗಿಲಿಗೆ ಬಂದು ನೋಡಿದ.

"ಮಾವಾ, ನೀ ಇಲ್ಲೇ ಆರಾಮ ಕುಂತಿರು. ಅಂಗಡಿ ಮುಚ್ಚೋದು ಬ್ಯಾಡ ಅಂತ ನಾ ಒಳಗ ಹೇಳಿ ಬರ್ತೀನಿ."

"ಲೇ, ಮೊದಲ ನನ್ನ ಬಿಡಸಲೇ!"

ಅಡುಗೆಮನೆಯಿಂದ ಶೈಲಾಳ ನಗು ಅಂಗಳಕ್ಕೆಲ್ಲ ಕೇಳಿಸಿತು. ಕೊನೆಗೆ ಸೀಮೆಎಣ್ಣೆ ಹಚ್ಚಿ ಮಾವನನ್ನು ಬಿಡಿಸಿ, ನನ್ನ ಗಂಡನ ಲುಂಗಿ ಉಡಿಸಿ ಬಸ್ಸು ಹತ್ತಿಸಿದೆವು.

ಮದುವೆಯಾಯಿತು, ಅಂಗಡಿಯೂ ನಡೆದಿದೆ. ಜಗಲಿ ಮೇಲೆ ಧೋತರದ ಅಚ್ಚು ಹಾಗೇ ಉಳಿದಿದೆ. ಮತ್ತೆ ಉಜ್ಜಿ ವಾರ್ನಿಷ್ ಹಚ್ಚೋಣವೆಂದರೆ ಶೈಲಾ ಬಿಡುವುದಿಲ್ಲ.