ನಂದಿಗುಡಿಯ ಮನೆಯಲ್ಲಿ ಕಾಣೆಯಾದ ಐದು ಇಂಚು

ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ನಮ್ಮ ಬಾಡಿಗೆ ಮನೆಯಿಂದ ಹೊರಟಾಗ ನನ್ನ ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲವಿತ್ತು, ಕೈಯಲ್ಲಿ ನೂರಡಿ ಟೇಪು, ಪಕ್ಕದಲ್ಲಿ ಅತ್ತೆ. ಟೇಪು ಹಿಡಿದು ಮನೆ ಅಳೆಯುವುದು ಒಬ್ಬಳಿಂದ ಆಗುವ ಕೆಲಸವಲ್ಲ. ನಾನು ಕಲಿತ ತರಬೇತಿ ಕೇಂದ್ರದ ಲೇಸರ್ ಮೀಟರನ್ನು ನನ್ನ ತರಗತಿಯವರು ಶನಿವಾರವೇ ಒಯ್ದಿದ್ದರು. ನಮ್ಮೆಜಮಾನರಿಗೆ ಬಟ್ಟೆ ಅಂಗಡಿಯಲ್ಲಿ ಭಾನುವಾರವೂ ಬಿಡುವಿಲ್ಲ. ಉಳಿದವರು ಅತ್ತೆ ನಾಗಮ್ಮ. "ಉಕ್ಕಡಗಾತ್ರಿ ಅಜ್ಜಯ್ಯನ ದರ್ಶನ ಮಾಡಿಸ್ತೀನಿ ಅಂದ್ರೆ ಬರ್ತೀನಿ. ಬರೇ ಗೋಡೆ ಅಳೆಯಾಕ ಆದ್ರೆ ನನಗೆ ಬ್ಯಾಡ" ಎಂದು ಷರತ್ತು ಹಾಕಿದ್ದರು. ಒಪ್ಪದೆ ಬೇರೆ ದಾರಿ ಇರಲಿಲ್ಲ.

ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ಹದಿನಾಲ್ಕು ವರ್ಷ. ಅಷ್ಟೂ ವರ್ಷ ಅಂಕಪಟ್ಟಿ ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು. ಮಗಳು ಐದನೇ ಕ್ಲಾಸಿಗೆ ಬಂದ ಮೇಲೆ, ಇನ್ನು ಬಿಟ್ಟರೆ ಆಗದು ಎಂದು ಹಟ ಹಿಡಿದು ಬಿಮ್ ಕಲಿಯಲು ಸೇರಿದೆ. ಕಟ್ಟಡವನ್ನು ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಇಡಿಯಾಗಿ ಕಟ್ಟಿ ನೋಡುವ ವಿದ್ಯೆ ಅದು. ಹಳೆಯ ನಕ್ಷೆಯಲ್ಲಿ ಗೋಡೆ ಅಂದರೆ ಎರಡು ಗೆರೆ. ಇಲ್ಲಿ ಗೋಡೆಗೆ ತನ್ನ ದಪ್ಪ, ಎತ್ತರ, ಇಟ್ಟಿಗೆ, ಪ್ಲಾಸ್ಟರು ಎಲ್ಲ ಗೊತ್ತಿರುತ್ತದೆ. ಒಂದು ಕಡೆ ಬದಲಿಸಿದರೆ ಎಲ್ಲ ಕಡೆಯೂ ಬದಲಾಗುತ್ತದೆ. ತರಗತಿಯಲ್ಲಿ ಉಳಿದವರೆಲ್ಲ ಇಪ್ಪತ್ತೆರಡರ ಆಸುಪಾಸಿನವರು, ನನ್ನನ್ನು ಆಂಟಿ ಎಂದೇ ಕರೆಯುತ್ತಿದ್ದರು. ಆರು ತಿಂಗಳಲ್ಲಿ ಒಂದು ದಿನವೂ ತಪ್ಪಿಸಲಿಲ್ಲ.

ಎ ಬ್ಲಾಕಿನಲ್ಲಿ ಮನೆ ಕಟ್ಟಿಸಿಕೊಡುವ ಒಂದು ಆಫೀಸಿದೆ. ಅಲ್ಲಿ ಮಾಡೆಲ್ ಮಾಡುವವರ ಕುರ್ಚಿ ಒಂದು ಖಾಲಿಯಿತ್ತು, ಕೇಳಿಕೊಂಡು ಹೋದವರು ಮೂವರು. ಇಂಜಿನಿಯರ್ ಮಂಜುನಾಥ್ ಸರ್ ನನ್ನ ಸರ್ಟಿಫಿಕೇಟನ್ನು ತಿರುವಿಯೂ ನೋಡಲಿಲ್ಲ. "ನಂದಿಗುಡಿಯಾಗೆ ಒಂದು ಮನೆ ಐತೆ, ಮೇಲೆ ಮಹಡಿ ಎಬ್ಬಿಸ್ಬೇಕು. ಹಳೇ ಪ್ಲಾನು ಇಲ್ಲ. ನೀವೇ ಅಳೆದು, ಇದ್ದದ್ದು ಇದ್ದಂಗೆ ಮಾಡೆಲ್ ಮಾಡ್ಕೊಂಡು ಸೋಮವಾರ ಬರ್ರಿ. ಅಳತೆ ಸರಿ ಬಂದ್ರೆ ಕುರ್ಚಿ ನಿಮ್ದು" ಅಂದರು. ಉಳಿದಿಬ್ಬರಿಗೂ ಒಂದೊಂದು ಮನೆ ಕೊಟ್ಟಿದ್ದರು. ಎರಡನೇ ಅವಕಾಶದ ಮಾತು ಅವರ ಬಾಯಲ್ಲಿ ಬರಲಿಲ್ಲ.

ಪಿ.ಬಿ. ರಸ್ತೆಯಲ್ಲಿ ಸರಕಾರಿ ಬಸ್ಸು ಸಿಕ್ಕಿತು. ಕಂಡಕ್ಟರು ಆಧಾರ್ ನೋಡಿ ಇಬ್ಬರಿಗೂ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟರು. ಹರಿಹರಕ್ಕೆ ಅರ್ಧ ಗಂಟೆಯ ದಾರಿ. ದಾರಿಯುದ್ದಕ್ಕೂ ನಾನು ಕಟ್ಟಡಗಳನ್ನೇ ನೋಡುತ್ತಿದ್ದೆ. ಆರು ತಿಂಗಳಿಂದ ನನಗೆ ಇದೇ ಚಾಳಿ. ಮದುವೆ ಮನೆಗೆ ಹೋದರೂ ಕಂಬ ಎಣಿಸುತ್ತೇನೆ. ಹರಿಹರದ ನಿಲ್ದಾಣದ ಪಕ್ಕದಲ್ಲಿ ಒಗ್ಗರಣೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ತಿಂದೆವು. ಅತ್ತೆ ಮೆಣಸಿನಕಾಯಿ ಕಚ್ಚುತ್ತಾ, "ಮನೆ ಕಟ್ಟೋರು ಕಟ್ತಾರೆ, ನೀನು ಕಂಪ್ಯೂಟರಿನಾಗೆ ಕಟ್ಟಿದ್ರೆ ಯಾರು ಬಂದು ಇರ್ತಾರೆ?" ಎಂದು ಕೇಳಿದರು. ಎರಡು ಸಲ ವಿವರಿಸಿದೆ. ಮೂರನೇ ಸಲ ಕೇಳಿದಾಗ ಚಹಾ ಕುಡಿದೆ.

ನಂದಿಗುಡಿ ಬಸ್ಸಿನಲ್ಲಿ ಅತ್ತೆಗೆ ಮಾತ್ರ ಸೀಟು ಸಿಕ್ಕಿತು. ನಾನು ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ನಿಂತೆ. ಎರಡೂ ಕಡೆ ಗದ್ದೆ, ಎರಡನೇ ಬೆಳೆಯ ನಾಟಿ ಮುಗಿದು ವಾರವಾಗಿರಬೇಕು, ಪೈರು ಇನ್ನೂ ನೀರಿನಿಂದ ತಲೆಯೆತ್ತುವುದರಲ್ಲಿತ್ತು. ಒಂಬತ್ತೂವರೆಗೆಲ್ಲ ಬಿಸಿಲು ಚುರುಗುಟ್ಟತೊಡಗಿತ್ತು.

ಮನೆ ಬಸ್ಸು ನಿಲ್ಲುವಲ್ಲಿಂದ ಐದು ನಿಮಿಷ. ಯಜಮಾನರು ಗದ್ದೆಗೆ ಹೋಗಿದ್ದರು. ಅವರ ಹೆಂಡತಿ ಶಾಂತಮ್ಮ, ಐವತ್ತರ ಹತ್ತಿರದವರು, "ಬರ್ರಿ, ಕೂಡ್ರಿ" ಎಂದು ಚಾಪೆ ಹಾಸಿ ಮಜ್ಜಿಗೆ ಕೊಟ್ಟರು. ಇಂಜಿನಿಯರ್ ಕಡೆಯಿಂದ ಹೆಂಗಸರು ಬರುತ್ತಾರೆಂದು ಅವರು ಎಣಿಸಿರಲಿಲ್ಲ. ಅದರಲ್ಲೂ ಒಬ್ಬರಿಗೆ ಅರವತ್ತೆಂಟಾಗಿರುತ್ತದೆ ಎಂದಂತೂ ಇಲ್ಲವೇ ಇಲ್ಲ. ಮನೆ ಉದ್ದಕ್ಕೆ ಮೂರು ಭಾಗವಾಗಿತ್ತು: ಮುಂದೆ ಹಾಲು, ನಡುವೆ ಕೋಣೆ, ಹಿಂದೆ ಅಡುಗೆಮನೆ. ಕಂಬಗಳಿಲ್ಲದ, ಇಟ್ಟಿಗೆ ಗೋಡೆಗಳೇ ಭಾರ ಹೊತ್ತ ತಾರಸಿ ಮನೆ. ನಾನು ಅಳತೆ ಓದುವುದು, ಅತ್ತೆ ತುದಿ ಹಿಡಿಯುವುದು. ಅವರು ಟೇಪಿನ ಕೊಕ್ಕೆಯನ್ನು ಗೋಡೆಗೆ ಒತ್ತಿ ಹಿಡಿದ ರೀತಿ ನೋಡಿದರೆ ಗೋಡೆ ಎದ್ದು ಓಡಿಹೋದೀತು ಎಂಬ ಭಯ ಇದ್ದಂತಿತ್ತು. ಹಾಲು ಹದಿನಾಲ್ಕು ಅಡಿ ಮೂರು ಇಂಚು, ಕೋಣೆ ಒಂಬತ್ತು ಅಡಿ ಎಂಟು, ಅಡುಗೆಮನೆ ಎಂಟೂವರೆ ಅಡಿ. ಬಾಗಿಲು ಕಿಟಕಿಗಳ ಅಗಲ, ಎತ್ತರ, ನೆಲದಿಂದ ಎಷ್ಟು ಮೇಲೆ, ಎಲ್ಲ ಬರೆದುಕೊಂಡೆ. ಕೊನೆಗೆ ಹೊರಗಿನಿಂದ ಇಡೀ ಉದ್ದ ಅಳೆದೆವು, ಮೂವತ್ತಾರು ಅಡಿ ಎರಡು ಇಂಚು. ಹನ್ನೆರಡೂವರೆಗೆ ಮುಗಿಯಿತು. ಇಷ್ಟು ಬೇಗ ಮುಗಿಸಿದೆನಲ್ಲ ಎಂದು ಒಳಗೊಳಗೇ ಬೀಗಿದೆ.

ಆಟೋದಲ್ಲಿ ತಲೆಗೆ ಇಪ್ಪತ್ತು ರೂಪಾಯಿ ಕೊಟ್ಟು ಉಕ್ಕಡಗಾತ್ರಿ ಸೇರಿದೆವು. ಭಾನುವಾರವಾದ್ದರಿಂದ ಜನ ಬಹಳ. ಹೊಳೆಯ ಮೆಟ್ಟಿಲ ಮೇಲೆ ಸ್ನಾನ ಮುಗಿಸಿದವರು ಒದ್ದೆ ಸೀರೆಗಳನ್ನು ಹರವಿದ್ದರು. ಅತ್ತೆ ಕೈಕಾಲು ತೊಳೆದು ಕರಿಬಸವೇಶ್ವರ ಅಜ್ಜಯ್ಯನ ದರ್ಶನದ ಸಾಲಿನಲ್ಲಿ ನಿಂತರು. ನಾನೂ ನಿಂತೆ, ಕೈಮುಗಿದೆ, ಸೋಮವಾರದ್ದನ್ನು ಬೇಡಿಕೊಂಡೆ. ಆಮೇಲೆ ಮರದ ನೆರಳಿನಲ್ಲಿ ಕೂತು ಮನೆಯಿಂದ ತಂದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಅತ್ತೆ ಸೆರಗು ಹಾಸಿ ಅಡ್ಡಾದರು. ನಾನು ಲ್ಯಾಪ್‌ಟಾಪ್ ತೆರೆದೆ.

ಗೋಡೆಗಳೆಲ್ಲ ಪ್ಲಾಸ್ಟರು ಸೇರಿ ಹತ್ತು ಇಂಚು ಎಂದು ಒಂದೇ ಬಗೆಯ ಗೋಡೆ ಆರಿಸಿ ಸುತ್ತ ಎಳೆದೆ. ಒಳಗಿನ ಅಳತೆಗಳನ್ನು ಕೂರಿಸಿದೆ. ಹೊರಗಿನ ಉದ್ದ ನೋಡಿದರೆ ಮೂವತ್ತೈದು ಅಡಿ ಒಂಬತ್ತು ಇಂಚು. ಅಳೆದದ್ದು ಮೂವತ್ತಾರು ಅಡಿ ಎರಡು. ಐದು ಇಂಚು ಕಾಣೆ.

ಕೂಡಿದ್ದು ತಪ್ಪಿರಬೇಕೆಂದು ಕಾಗದದ ಮೇಲೆ ಮತ್ತೆ ಕೂಡಿದೆ. ಅಷ್ಟೇ ಬಂತು. ಅತ್ತೆಯನ್ನು ಎಬ್ಬಿಸಿ, "ಟೇಪಿನ ತುದಿ ಎಲ್ಲಾದರೂ ಜಾರಿತ್ತಾ?" ಎಂದು ಕೇಳಿದೆ. ಕೇಳಬಾರದಿತ್ತು.

"ನಾನು ಹಿಡಿದ ತುದಿ ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ನೀನು ಓದಿದ್ದು ಹೆಂಗಿತ್ತೋ ನೋಡ್ಕ" ಎಂದು ಮುಖ ಆಚೆ ತಿರುಗಿಸಿದರು.

ಮೂರೂಕಾಲಿಗೆ ಹರಿಹರದ ಬಸ್ಸು ಬಂತು, ಹತ್ತಿದೆವು. ಸೀಟು ಸಿಕ್ಕರೂ ನನಗೆ ನೆಮ್ಮದಿ ಇಲ್ಲ. ತರಗತಿಯ ಹುಡುಗರು ಇಂಥದ್ದಕ್ಕೆ ಒಂದು ಉಪಾಯ ಮಾಡುತ್ತಿದ್ದರು. ನಾಲ್ಕು ಗೋಡೆಗೂ ಒಂದೂಕಾಲು ಇಂಚು ಹಂಚಿದರೆ ಆಯಿತು, ಐದು ಇಂಚು ತುಂಬಿತು. ಕಂಪ್ಯೂಟರು ತಕರಾರು ಮಾಡುವುದಿಲ್ಲ, ನೋಡುವುದಕ್ಕೆ ಚೆಂದವಾಗಿಯೇ ಕಾಣುತ್ತದೆ. ಅತ್ತೆಗೆ ಹೇಳಿದೆ. "ಮಾಡ್ಬಿಡು ಮತ್ತೆ. ಐದಿಂಚಿಗೆ ಯಾರು ಗಡಾರಿ ತಗೊಂಡು ಗೋಡೆ ಒಡೆದು ನೋಡ್ತಾರೆ?" ಅಂದರು. ಕೈ ಅಲ್ಲಿಗೆ ಹೋಯಿತು ಕೂಡ. ಆದರೆ ಆ ಗೋಡೆಗಳ ಮೇಲೆ ಒಂದು ಮಹಡಿ ಏಳಲಿತ್ತು, ಅದರ ಕೆಳಗೆ ಶಾಂತಮ್ಮನ ಸಂಸಾರ ಮಲಗಲಿತ್ತು. ಇದ್ದದ್ದು ಇದ್ದಂತೆ ಎಂದು ಹೇಳಿ ಕಳಿಸಿದ ಕೆಲಸಕ್ಕೆ ಸುಳ್ಳು ಬೆರೆಸಿ ಆ ಕುರ್ಚಿಯಲ್ಲಿ ಕೂರುವುದು ನನ್ನಿಂದ ಆಗದು ಅನಿಸಿತು. ನಂದಿಗುಡಿ ಬಂದಾಗ ಎದ್ದು ನಿಂತು, "ಇಳೀರಿ ಅತ್ತೆ" ಎಂದೆ.

"ಯಾಕ? ಮುಂದಿನ ಬಸ್ಸು ಐದೂವರೆಗೆ ಐತೆ ಅಂತ ಕಂಡಕ್ಟರು ಹೇಳಿದ್ದು ಕೇಳ್ಲಿಲ್ಲೇನು?"

"ಕೇಳಿದೆ. ಇಳೀರಿ."

ಅವರು ಇಳಿದರು. ಶಾಂತಮ್ಮನ ಮನೆ ಸೇರುವವರೆಗೆ ನನ್ನಿಂದ ನಾಲ್ಕು ಹೆಜ್ಜೆ ಹಿಂದೆಯೇ ಬಂದರು. ಮಂಡಿನೋವಿನವರು, ಕಾಲೆಳೆದುಕೊಂಡು ನಡೆಯುತ್ತಿದ್ದರು. ನನ್ನ ಮೇಲೆ ನನಗೇ ಸಿಟ್ಟು ಬಂತು, ಆದರೂ ತಿರುಗಲಿಲ್ಲ.

ಶಾಂತಮ್ಮ ಏನನ್ನೋ ಮರೆತು ಹೋಗಿದ್ದೇವೆ ಅಂದುಕೊಂಡರು. ಮತ್ತೆ ಟೇಪು ಬಿಚ್ಚಿದೆವು. ಹಾಲು ಅಷ್ಟೇ, ಕೋಣೆ ಅಷ್ಟೇ, ಅಡುಗೆಮನೆ ಅಷ್ಟೇ. ಹೊರಗಿನ ಉದ್ದವೂ ಅಷ್ಟೇ. ನಡುವಿನ ಗೋಡೆಗಳನ್ನು ಬಾಗಿಲ ಸಂದಿಯಲ್ಲಿ ಅಳೆದೆ, ಎರಡೂ ಹತ್ತೇ ಇಂಚು. ಹೊರಗೋಡೆಗಳೂ ಅಷ್ಟೇ ಎಂದುಕೊಂಡೆ. ನನಗೆ ಅಳು ಬರುವಂತಾಯಿತು. ಅತ್ತೆ ಅಡುಗೆಮನೆಯಲ್ಲಿ ನೀರು ಕುಡಿದು ಬಂದು, ಹಾಲಿನ ಮುಂದಿನ ಗೋಡೆಯ ಕಿಟಕಿ ಕಟ್ಟೆಯ ಮೇಲೆ ತಮ್ಮ ಕೈಚೀಲ ಇಟ್ಟು ನಿಂತರು. ಚೀಲವನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿದರು.

"ಅಡುಗೆಮನೆ ಕಿಟಕಿ ಮೇಲೆ ಇಟ್ಟಿದ್ದೆ, ಬಿದ್ದೋತು. ಇಲ್ಲಿ ನೋಡು, ಕೂಸು ಮಲಗಿಸಬಹುದು, ಅಷ್ಟು ಅಗಲ ಐತೆ."

ಓಡಿಹೋಗಿ ಟೇಪು ಇಟ್ಟೆ. ಹಾಲಿನ ಕಿಟಕಿಯ ಕಟ್ಟೆ ಹದಿನೈದು ಇಂಚು. ಅಡುಗೆಮನೆಯದು ಹತ್ತು. ನಾನು ಬೆಳಿಗ್ಗೆ ಕಿಟಕಿಗಳ ಅಗಲ ಬರೆದಿದ್ದೆ, ಎತ್ತರ ಬರೆದಿದ್ದೆ, ಗೋಡೆಯ ದಪ್ಪ ಹೇಳುವ ಆ ಆಳವನ್ನು ಬರೆದಿರಲಿಲ್ಲ. ಎಲ್ಲ ಗೋಡೆಯೂ ಒಂದೇ ಎಂದುಕೊಂಡು ಒಂದೇ ಬಗೆಯದನ್ನು ಎಳೆದವಳು ನಾನು. ಅತ್ತೆಯನ್ನು ಅನುಮಾನಿಸಿದ್ದಕ್ಕೆ ನಾಚಿಕೆಯಾಯಿತು, ತಪ್ಪಾಯಿತು ಎಂದು ಅಲ್ಲೇ ಹೇಳಿದೆ.

"ಈ ಗೋಡೆ ಮಾತ್ರ ಯಾಕೆ ಇಷ್ಟು ದಪ್ಪ?" ಎಂದು ಶಾಂತಮ್ಮನನ್ನು ಕೇಳಿದೆ.

ಅವರು ಬಾಗಿಲ ಕಡೆ ನೋಡಿ, ದನಿ ಇಳಿಸಿದರು. "ಅದು ಆಯದ ಗೋಡೆ ಕಣ್ರಿ. ಮನೆಗೆ ಬಂದ ಮೇಲೆ ಒಂದಲ್ಲ ಒಂದು ಕಾಯಿಲೆ. ಶಾಸ್ತ್ರ ಕೇಳಿದ್ವಿ. ಹಾಲಿನ ಆಯ ಕೆಟ್ಟೈತೆ, ಒಳಗಡೆ ಐದಿಂಚು ಕಮ್ಮಿ ಮಾಡಿದ್ರೆ ಸರಿ ಹೋಗ್ತೈತೆ ಅಂದ್ರು. ಹಳೇ ಗೋಡೆಗೆ ಒತ್ತಿ ಇನ್ನೊಂದು ಕಟ್ಟಿಸಿದ್ವಿ. ಇಂಜಿನಿಯರ್ ನಗ್ತಾರೆ ಅಂತ ನಮ್ಮನೇರು ಬಾಯಿ ಬಿಡಲ್ಲ."

ಆಯ ಅಂದರೆ ಗೊತ್ತಲ್ಲ, ಕೋಣೆಯ ಒಳಗಿನ ಉದ್ದಗಲ ಗುಣಿಸಿ ಶುಭ ಅಶುಭ ನೋಡುವ ಲೆಕ್ಕ. ನಮ್ಮ ಕಡೆ ಅದನ್ನು ನೋಡದೆ ಯಾರೂ ಪಾಯ ತೋಡುವುದಿಲ್ಲ. ನಾನು ನಗಲಿಲ್ಲ. "ಅದಕ್ಕೆ ತಳಪಾಯ ಹಾಕಿದ್ರಾ?" ಎಂದು ಮಾತ್ರ ಕೇಳಿದೆ.

"ಎಲ್ಲಿ ಹಾಕೋದು? ನೆಲದ ಮೇಲೇ ಎಬ್ಬಿಸಿದ್ರು."

ಕುರ್ಚಿ ಹತ್ತಿ ಮೇಲೆ ನೋಡಿದೆ. ಆ ಗೋಡೆಯ ತಲೆಗೂ ತಾರಸಿಗೂ ನಡುವೆ ಸಣ್ಣ ಬಿರುಕು ಉದ್ದಕ್ಕೂ ಓಡಿತ್ತು. ಅದು ಏನನ್ನೂ ಹೊತ್ತಿರಲಿಲ್ಲ, ಸುಮ್ಮನೆ ನಿಂತಿತ್ತು.

ಅಲ್ಲೇ ಜಗಲಿಯ ಮೇಲೆ ಕೂತೆ. ಹತ್ತು ಇಂಚಿನ ಗೋಡೆಗೆ ಒತ್ತಿ ಐದು ಇಂಚಿನ ಇನ್ನೊಂದು ಗೋಡೆ ಎಳೆದೆ. ಭಾರ ಹೊರುವ ಗೋಡೆಯೇ ಎಂದು ಕೇಳುವಲ್ಲಿ ಅದಕ್ಕೆ ಇಲ್ಲ ಎಂದು ಗುರುತು ಮಾಡಿದೆ. ಹೊರಗಿನ ಉದ್ದ ಮೂವತ್ತಾರು ಅಡಿ ಎರಡು ಇಂಚು ಬಂತು. ಆರು ತಿಂಗಳಲ್ಲಿ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ. ಶಾಂತಮ್ಮ ಅವಲಕ್ಕಿ ಕಲಸಿ ಕೊಟ್ಟರು, ಇಬ್ಬರೂ ಬೇಡ ಎನ್ನದೆ ತಿಂದೆವು.

ಐದೂವರೆಯ ಬಸ್ಸು ಆರಕ್ಕೆ ಬಂತು. ಹರಿಹರ ನಿಲ್ದಾಣದಲ್ಲಿ ದಾವಣಗೆರೆ ಬಸ್ಸಿಗೆ ಕಾಯುವಾಗ ಮಂಜುನಾಥ್ ಸರ್‌ಗೆ ಫೋನ್ ಮಾಡಿದೆ. ಸೋಮವಾರದವರೆಗೆ ಇಟ್ಟುಕೊಳ್ಳುವ ಸುದ್ದಿ ಅದಲ್ಲ ಅನಿಸಿತ್ತು.

"ಸರ್, ಆ ಮನೆ ಹಾಲಿನ ಮುಂದಿನ ಗೋಡೆ ಒಂದೇ ಅಲ್ಲ, ಎರಡು ಗೋಡೆ. ಒಳಗಿನದಕ್ಕೆ ತಳಪಾಯ ಇಲ್ಲ."

"ಯಾರು ಹೇಳಿದ್ರು?"

"ಮನೆಯವರೇ ಹೇಳಿದ್ರು. ಕಿಟಕಿ ಹತ್ತಿರ ಅಳೆದೂ ನೋಡಿದೆ. ಹದಿನೈದು ಇಂಚು ಐತೆ."

ಆ ಕಡೆ ಕಾಗದ ಮಗುಚುವ ಸದ್ದು.

"ಹೋದ ತಿಂಗಳು ನಾನೇ ಹೋಗಿ ಬರೇ ಒಳಗಿನ ಅಳತೆ ತಂದಿದ್ದೆ, ಮೇಡಂ" ಅಂದರು. "ಅದನ್ನೇ ಹಿಡ್ಕೊಂಡು ಮೇಲಿನ ಗೋಡೆ ಕೂರಿಸೀನಿ. ಅರ್ಧ ಗೋಡೆ ಆ ಪಾಯ ಇಲ್ಲದ್ದರ ಮೇಲೆ ಬಂದೈತೆ." ಮತ್ತೊಂದು ಕಾಗದ ಮಗುಚಿದರು. "ಮಹಡಿ ಪ್ಲಾನು ಹೊಸದಾಗಿ ಮಾಡ್ಬೇಕು. ನೀವೇ ಮಾಡ್ರಿ. ನಾಳೆ ಒಂಬತ್ತೂವರೆಗೆ ಬರ್ರಿ, ಊಟದ ಡಬ್ಬಿ ತಗೊಂಡು ಬರ್ರಿ. ಸಂಜೆ ಆರಾಗ್ತೈತೆ ಅಂತ ಮನೇಲಿ ಹೇಳಿರ್ರಿ."

ಫೋನು ಇಟ್ಟ ಮೇಲೆ ನನ್ನ ಕಣ್ಣು ತುಂಬಿತು. ನಿಲ್ದಾಣದ ತುಂಬ ಜನ, ಒರೆಸಿಕೊಳ್ಳಲೂ ನಾಚಿಕೆಯಾಗಲಿಲ್ಲ. ಅತ್ತೆಗೆ ವಿಷಯ ಹೇಳಿದೆ. "ಹೂಂ" ಎಂದು ಸೆರಗಿನ ತುದಿ ನನ್ನ ಕೈಗೆ ಕೊಟ್ಟರು. ಬಸ್ಸು ಬಂತು, ಈ ಸಲ ಇಬ್ಬರಿಗೂ ಒಟ್ಟಿಗೆ ಸೀಟು ಸಿಕ್ಕಿತು.

ಅತ್ತೆಯ ಹಣೆಯ ಮೇಲಿನ ವಿಭೂತಿ ನೋಡಿ, ಪಕ್ಕದ ಸೀಟಿನ ಹೆಂಗಸು ಮಾತಿಗೆಳೆದರು. "ಉಕ್ಕಡಗಾತ್ರಿಗೆ ಹೋಗಿದ್ರೇನ್ರಿ?"

"ದರ್ಶನನೂ ಆತು" ಅಂದರು ಅತ್ತೆ, ಮಂಡಿ ನೀವಿಕೊಳ್ಳುತ್ತಾ. "ಆದ್ರೆ ನಾವು ಹೋಗಿದ್ದು ಕೆಲಸದ ಮೇಲೆ ಕಣ್ರಿ. ನಂದಿಗುಡಿಯಾಗೆ ಒಂದು ಮನೆ ಅಳೆಯೋದಿತ್ತು."